ಆಸ್ಬೆಸ್ಟ್: ಕಲ್ನಾರಿನ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದನದ ಕೊಟ್ಟಿಗೆ, ಬಚ್ಚಲುಮನೆ, ಕೋಳಿ ಫಾರಂ, ಗೋದಾಮು, ಬಾಡಿಗೆಗೆ ಕೊಟ್ಟ ಒಂಟಿ ಕೋಣೆ. ಕರ್ನಾಟಕದಲ್ಲಿ ಇವುಗಳ ಮೇಲೆ ಹೊದಿಸುವ ಬೂದು ಬಣ್ಣದ ಸಿಮೆಂಟ್ ಶೀಟನ್ನು ನೋಡದವರಿಲ್ಲ. ಅದರೊಳಗಿನ ಕಲ್ನಾರಿನ (ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜದ) ದೊಡ್ಡ ಪಾಲು ರಷ್ಯಾದಿಂದ ಬರುತ್ತದೆ. ಆ ನಾರನ್ನು ಅಗೆಯುವ ಊರುಗಳಲ್ಲಿ ಹಿರಿಯದು ಆಸ್ಬೆಸ್ಟ್. ಈ ಊರಿನ ವಿಷಯ ತೆಗೆದಾಗಲೆಲ್ಲ ಮಾತಿನಲ್ಲಿ, ಪತ್ರಗಳಲ್ಲಿ ಎದುರಾದ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲಿಯೇ ಇಲ್ಲಿ ಜೋಡಿಸಿದ್ದೇನೆ. ಊರಿನ ಪರಿಚಯ ಮಾತ್ರ ಬೇಕಾದವರಿಗೆ ಮೊದಲ ಎರಡು ಭಾಗ ಸಾಕು. ಜಗಳದ ಸಂಗತಿಗಳೆಲ್ಲ ಕೊನೆಯಲ್ಲಿವೆ.

## ಊರಿನ ಪರಿಚಯ

ಆಸ್ಬೆಸ್ಟ್ ಎಂಬ ಹೆಸರಿನ ಊರು ನಿಜವಾಗಿಯೂ ಇದೆಯೇ? ಎಲ್ಲಿದೆ?

ಇದೆ. ರಷ್ಯಾದ ಸ್ವೆರ್ದ್ಲೋವ್ಸ್ಕ್ ಪ್ರಾಂತ್ಯದಲ್ಲಿ, ಯೂರಲ್ ಪರ್ವತಗಳ ಪೂರ್ವದ ಇಳಿಜಾರಿನಲ್ಲಿದೆ. ಪ್ರಾಂತ್ಯದ ರಾಜಧಾನಿ ಯೆಕಟೆರಿನ್‌ಬರ್ಗ್‌ನಿಂದ ಈಶಾನ್ಯಕ್ಕೆ ಎಂಬತ್ತು ಚಿಲ್ಲರೆ ಕಿಲೋಮೀಟರ್ ದೂರ. ಯೂರಲ್ ಸಾಲನ್ನು ಯುರೋಪು ಮತ್ತು ಏಷ್ಯಾದ ಗಡಿಯೆಂದು ಒಪ್ಪಿಕೊಂಡರೆ ಈ ಊರು ಏಷ್ಯಾದ ಕಡೆಗೆ ಬೀಳುತ್ತದೆ. ಪರ್ವತ ಎಂದ ಕೂಡಲೇ ಹಿಮಾಲಯವನ್ನು ಊಹಿಸಿಕೊಂಡರೆ ನಿರಾಸೆಯಾಗುತ್ತದೆ. ಇಲ್ಲಿನ ಬೆಟ್ಟಗಳು ಕೋಟ್ಯಂತರ ವರ್ಷಗಳಿಂದ ಸವೆದು ತಗ್ಗಿದವು. ಸುತ್ತ ಪೈನ್ ಮತ್ತು ಬರ್ಚ್ ಕಾಡು, ನಡುನಡುವೆ ಜೌಗು ನೆಲ. ಹತ್ತಿರ ಹರಿಯುವ ಬೊಲ್ಷೋಯ್ ರೆಫ್ತ್ ಎಂಬ ಚಿಕ್ಕ ನದಿ ಮುಂದೆ ಪಿಷ್ಮಾ ನದಿಯನ್ನು ಸೇರುತ್ತದೆ. ಗಡಿಯಾರದ ಲೆಕ್ಕದಲ್ಲಿ ಊರು ನಮಗೆ ತೀರ ಹತ್ತಿರ: ಅಲ್ಲಿನ ಸಮಯ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ, ಅಷ್ಟೇ.

ಅಲ್ಲಿ ವರ್ಷವಿಡೀ ಹಿಮವೇ?

ಇಲ್ಲ. ನವೆಂಬರಿನಿಂದ ಮಾರ್ಚ್ ಕಳೆಯುವ ತನಕ ಹಿಮ ನಿಲ್ಲುತ್ತದೆ. ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 14–15 ಡಿಗ್ರಿ ಕೆಳಗೆ, ಕೆಲವು ದಿನ ಇನ್ನೂ ಬಹಳ ಕೆಳಗೆ. ಜುಲೈ ತಿಂಗಳು ಹಿತವಾಗಿರುತ್ತದೆ. ಹಿಮ ಕರಗಿದ ಮೇಲೆ ನೆಲ ಒಣಗಿ ಗಾಳಿ ಎದ್ದಾಗ ಗಣಿಯ ಧೂಳು ಹೆಚ್ಚು. ಆದ್ದರಿಂದ ಚಳಿಗಾಲ ಕಷ್ಟದ ಕಾಲ, ಬೇಸಿಗೆ ಸುಖದ ಕಾಲ ಎಂಬ ನಮ್ಮ ಊಹೆ ಅಲ್ಲಿ ಅಷ್ಟು ಸಲೀಸಾಗಿ ನಡೆಯುವುದಿಲ್ಲ.

ಜನಸಂಖ್ಯೆ ಎಷ್ಟು? ಬೆಳೆಯುತ್ತಿರುವ ಊರೋ, ಇಳಿಯುತ್ತಿರುವ ಊರೋ?

ಇಳಿಯುತ್ತಿರುವ ಊರು. 2002ರ ಜನಗಣತಿಯಲ್ಲಿ ಸುಮಾರು 76 ಸಾವಿರ ಇದ್ದದ್ದು 2010ರಲ್ಲಿ 69 ಸಾವಿರದ ಆಸುಪಾಸಿಗೆ ಬಂತು. 2021ರಲ್ಲಿ 57 ಸಾವಿರ ಚಿಲ್ಲರೆ. ಓದು ಮುಗಿಸಿದ ಹುಡುಗರು ಯೆಕಟೆರಿನ್‌ಬರ್ಗ್‌ಗೆ ಹೋಗುತ್ತಾರೆ, ಮರಳಿ ಬರುವವರು ಕಡಿಮೆ. ಇದಕ್ಕೆ ಕಲ್ನಾರೊಂದನ್ನೇ ದೂರುವಂತಿಲ್ಲ. ಯೂರಲ್‌ನ ಬಹುತೇಕ ಕಾರ್ಖಾನೆ ಊರುಗಳ ಪಾಡೂ ಇದೇ. ರಷ್ಯಾದಲ್ಲಿ ಒಂದೇ ಉದ್ಯಮವನ್ನು ನಂಬಿ ನಿಂತ ಊರನ್ನು ‘ಮೊನೊಗೊರೊದ್’ ಎನ್ನುತ್ತಾರೆ. ಸರ್ಕಾರದ ಕಡತಗಳಲ್ಲಿಯೂ ಅದೇ ಹೆಸರು. ಅಂಥ ಊರುಗಳು ನೂರಾರು ಇವೆ, ಆಸ್ಬೆಸ್ಟ್ ಅವುಗಳಲ್ಲೊಂದು.

ಸುತ್ತಮುತ್ತ ಏನಿದೆ? ಹೊರಗಿನವರು ಹೋಗಬಹುದೇ?

ಸ್ವೆರ್ದ್ಲೋವ್ಸ್ಕ್ ಪ್ರಾಂತ್ಯದಲ್ಲಿ ಅಣ್ವಸ್ತ್ರ ಉದ್ಯಮಕ್ಕೆ ಸೇರಿದ, ಹೊರಗಿನವರಿಗೆ ಪ್ರವೇಶವಿಲ್ಲದ ಊರುಗಳಿವೆ. ನೊವೊಉರಾಲ್ಸ್ಕ್, ಲೆಸ್ನೊಯ್ ಅಂಥವು. ಆಸ್ಬೆಸ್ಟ್ ಆ ಪಟ್ಟಿಯಲ್ಲಿಲ್ಲ, ಯೆಕಟೆರಿನ್‌ಬರ್ಗ್‌ನಿಂದ ಬಸ್ಸಿನಲ್ಲಿ ಹೋಗಬಹುದು. ಗಣಿಯ ಅಂಚಿನಲ್ಲಿ ನಿಂತು ನೋಡಲು ಜಾಗವನ್ನೂ ಮಾಡಿದ್ದಾರೆ.

ಭೂಪಟವನ್ನು ಒಮ್ಮೆ ಹರಡಿಕೊಂಡು ನೋಡಬೇಕಾದ ಪ್ರದೇಶ ಇದು. ಊರಿನ ಪಕ್ಕದಲ್ಲೇ ಇರುವ ರೆಫ್ತಿನ್ಸ್ಕಿಯಲ್ಲಿ 3,800 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲಿನಿಂದ ನಡೆಯುವ ಸ್ಥಾವರಗಳಲ್ಲಿ ರಷ್ಯಾಕ್ಕೇ ದೊಡ್ಡದು. ಅದರ ಕಲ್ಲಿದ್ದಲು ಕಜಕಸ್ತಾನದ ಎಕಿಬಸ್ತೂಜ್‌ನದು, ಬೂದಿ ಹೇರಳವಾಗಿ ಉಳಿಯುವ ಜಾತಿಯದು. ದಕ್ಷಿಣಕ್ಕೆ ಝರೆಚ್ನಿ ಎಂಬ ಊರಿನಲ್ಲಿ ಬೆಲೊಯಾರ್ಸ್ಕ್ ಪರಮಾಣು ಸ್ಥಾವರವಿದೆ. ವೇಗದ ನ್ಯೂಟ್ರಾನುಗಳಿಂದ ನಡೆಯುವ ರಿಯಾಕ್ಟರುಗಳಿಗೆ ಅದು ಹೆಸರುವಾಸಿ. ಅದರ ಬಿಎನ್-600 ರಿಯಾಕ್ಟರು 1980ರಿಂದ ವಿದ್ಯುತ್ ಕೊಡುತ್ತಿದೆ. ಇನ್ನೊಂದು ಪಕ್ಕಕ್ಕೆ ಪಚ್ಚೆಯ ಗಣಿಗಳು. ಕಲ್ನಾರು, ಪಚ್ಚೆ, ಕಲ್ಲಿದ್ದಲ ಬೂದಿ, ಪರಮಾಣು ಇವೆಲ್ಲ ಇಷ್ಟು ಸಮೀಪದಲ್ಲಿ ಕೂಡಿಬಂದ ಪ್ರದೇಶ ಜಗತ್ತಿನಲ್ಲಿ ಇನ್ನೊಂದಿದ್ದರೆ ನನಗೆ ಆಶ್ಚರ್ಯ.

## ಊರು ಹುಟ್ಟಿದ ಬಗೆ

ಊರು ಮೊದಲೋ, ಗಣಿ ಮೊದಲೋ?

ಗಣಿ ಮೊದಲು. 1880ರ ದಶಕದ ನಡುವಿನಲ್ಲಿ ಲದಿಝೆನ್ಸ್ಕಿ ಎಂಬ ಭೂಮಾಪಕನಿಗೆ ಈ ಕಾಡಿನಲ್ಲಿ ಕಲ್ನಾರಿನ ಪದರಗಳು ಸಿಕ್ಕವು. 1889ರಲ್ಲಿ ಅಗೆಯುವ ಕೆಲಸ ಶುರುವಾಯಿತು. ಊರು ತನ್ನ ಹುಟ್ಟಿದ ವರ್ಷವೆಂದು ಎಣಿಸುವುದೂ 1889ನ್ನೇ. ನಿಕ್ಷೇಪಕ್ಕೆ ಮಾತ್ರ ದಕ್ಷಿಣದಲ್ಲಿದ್ದ ಬಝೆನೊವೊ ರೈಲು ನಿಲ್ದಾಣದ ಹೆಸರು ಅಂಟಿಕೊಂಡು, ಭೂವಿಜ್ಞಾನಿಗಳ ಬಾಯಲ್ಲಿ ಇಂದಿಗೂ ಅದು ಬಝೆನೊವ್ ನಿಕ್ಷೇಪ. ಕಾರ್ಮಿಕರ ವಸತಿಯನ್ನು ಕುದೆಲ್ಕಾ ಎಂದು ಕರೆಯುತ್ತಿದ್ದರು. ನೂಲಲು ಸಿದ್ಧವಾದ ಅಗಸೆ ನಾರಿನ ಸಿಂಬಿಗೆ ರೈತರ ಮಾತಿನಲ್ಲಿದ್ದ ಹೆಸರು ಅದು. 1933ರಲ್ಲಿ ನಗರದ ಸ್ಥಾನ ಸಿಕ್ಕಿತು.

ಅದಕ್ಕೂ ಮುಂಚೆ ಯೂರಲ್‌ನಲ್ಲಿ ಕಲ್ನಾರು ಯಾರಿಗೂ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಹದಿನೆಂಟನೆಯ ಶತಮಾನದ ಆರಂಭದಲ್ಲೇ, ಪೀಟರ್ ದೊರೆಯ ಕಾಲದಲ್ಲಿ, ನೆವ್ಯಾನ್ಸ್ಕ್‌ನ ಸುತ್ತ ಸಿಕ್ಕ ಕಲ್ನಾರಿನಿಂದ ಬಟ್ಟೆ, ಚೀಲ, ಕೈಗವಸು ನೇಯ್ದಿದ್ದರು. ಅದಕ್ಕೆ ‘ಬೆಟ್ಟದ ಅಗಸೆ’ ಎಂಬ ಹೆಸರಿತ್ತು. ಬೆಂಕಿಗೆ ಹಾಕಿದರೆ ಸುಡದೆ ಶುಭ್ರವಾಗಿ ಹೊರಬರುವ ಬಟ್ಟೆ ಅರಮನೆಯವರಿಗೆ ಒಳ್ಳೆಯ ಕೌತುಕ. ಆದರೆ ಕೌತುಕದಿಂದ ಊರು ಕಟ್ಟಲಾಗುವುದಿಲ್ಲ. ಉಗಿಯಂತ್ರಗಳು, ರೈಲು, ಹಡಗು ಬಂದ ಮೇಲೆ ಬಿಸಿ ಕೊಳವೆಗಳಿಗೆ ಸುತ್ತಲು, ಸಂದುಗಳನ್ನು ಬಿಗಿಯಲು ನಾರು ಬೇಕಾಯಿತು. ಆಮೇಲಷ್ಟೇ ಕಾಡಿನಲ್ಲಿ ಬಿದ್ದಿದ್ದ ಆ ಕಲ್ಲಿಗೆ ಬೆಲೆ ಬಂದದ್ದು.

ಕ್ರಾಂತಿಗೆ ಮುಂಚೆ ಗಣಿ ಯಾರ ಕೈಯಲ್ಲಿತ್ತು?

ಹಲವರ ಕೈಯಲ್ಲಿ ಹಂಚಿಹೋಗಿತ್ತು. ಬಾಲ್ಟಿಕ್ ಕಡೆಯ ಶ್ರೀಮಂತ ಮನೆತನದ ಜಿರಾರ್ ದ ಸುಕಾಂತೋನ್ ಬ್ಯಾರನ್ನರು, ಯೂರಲ್‌ನಲ್ಲಿ ಹೆಂಡದ ಭಟ್ಟಿಗಳಿಂದ ದುಡ್ಡು ಮಾಡಿದ್ದ ಪೊಕ್ಲೆವ್ಸ್ಕಿ-ಕೊಜೆಲ್ ಮನೆತನ, ಕೊರೆವೊ ಎಂಬ ಇನ್ನೊಬ್ಬ ಒಡೆಯ, ಹೀಗೆ ಒಬ್ಬೊಬ್ಬರದು ಒಂದೊಂದು ಗುಂಡಿ. ಕೂಲಿಗೆ ಬರುತ್ತಿದ್ದವರು ಸುತ್ತಲಿನ ಹಳ್ಳಿಗಳ ರೈತರು. ಗುದ್ದಲಿಯಿಂದ ಅಗೆದು, ಕಲ್ಲನ್ನು ಸುತ್ತಿಗೆಯಿಂದ ಬಡಿದು, ನಾರನ್ನು ಕೈಯಿಂದಲೇ ಬಿಡಿಸಿ ವಿಂಗಡಿಸುವ ಕೆಲಸ. ಸರಕಿನ ಬಹುಪಾಲು ಯುರೋಪಿಗೆ ಹೋಗುತ್ತಿತ್ತು. ಕ್ರಾಂತಿಯ ಮೇಲೆ ಎಲ್ಲವೂ ರಾಷ್ಟ್ರೀಕರಣಗೊಂಡು ‘ಉರಾಲಾಸ್ಬೆಸ್ಟ್’ ಎಂಬ ಒಂದೇ ಸಂಸ್ಥೆಯ ಕೆಳಗೆ ಬಂದವು. ಬೇರೆ ಬೇರೆಯಾಗಿದ್ದ ಗುಂಡಿಗಳು ಅಗಲವಾಗುತ್ತ ಒಂದಕ್ಕೊಂದು ಕೂಡಿಕೊಂಡದ್ದೇ ಇಂದಿನ ಮಹಾಗಣಿ.

ಅಮೆರಿಕದ ಉದ್ಯಮಿ ಆರ್ಮಂಡ್ ಹ್ಯಾಮರ್‌ಗೆ ಲೆನಿನ್ ಈ ಗಣಿಯನ್ನೇ ಗುತ್ತಿಗೆ ಕೊಟ್ಟಿದ್ದು ಅಲ್ಲವೇ?

ಅಲ್ಲ, ಇದು ಅನೇಕರು ಮಾಡುವ ಗಲಿಬಿಲಿ. ಹ್ಯಾಮರ್‌ಗೆ 1921ರಲ್ಲಿ ಸಿಕ್ಕಿದ್ದು ಇದೇ ಸೀಮೆಯ, ಇನ್ನಷ್ಟು ಉತ್ತರಕ್ಕಿರುವ ಅಲಪಾಯೆವ್ಸ್ಕ್‌ನ ಕಲ್ನಾರು ಗಣಿ. ಸೋವಿಯತ್ ಸರ್ಕಾರ ಅಮೆರಿಕನ್ನರಿಗೆ ಕೊಟ್ಟ ಮೊದಲ ಗುತ್ತಿಗೆ ಎಂದು ಅದು ಪ್ರಸಿದ್ಧಿ. ಹ್ಯಾಮರ್ ಹೆಸರು ಮಾಡಿದ್ದೂ ದುಡ್ಡು ಮಾಡಿದ್ದೂ ಆಮೇಲೆ, ಪೆನ್ಸಿಲ್ ಕಾರ್ಖಾನೆಯಂಥ ಬೇರೆ ವ್ಯವಹಾರಗಳಲ್ಲಿ.

ಊರಿನ ನಡುವಿನ ಕಟ್ಟಡಗಳನ್ನು ಜರ್ಮನ್ ಕೈದಿಗಳು ಕಟ್ಟಿದರಂತೆ. ಹೌದೇ?

ಹೌದು, ಹಲವನ್ನು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕವರನ್ನು ಯೂರಲ್‌ನ ಉದ್ದಗಲಕ್ಕೂ ದುಡಿಮೆಗೆ ಹಚ್ಚಿದ್ದರು. ಆಸ್ಬೆಸ್ಟ್‌ನಲ್ಲೂ ಅವರ ಶಿಬಿರವಿತ್ತು. ಯುದ್ಧ ಮುಗಿದು ವರ್ಷಗಳು ಕಳೆದರೂ ಕೆಲವರು ಇಲ್ಲಿಯೇ ಉಳಿಯಬೇಕಾಯಿತು. ಯುದ್ಧಾನಂತರದ ಗಾರೆ ಗೋಡೆಯ, ಕಂಬಗಳ ಮನೆಗಳನ್ನು ನೋಡಿದವರಿಗೆ ಕೇಂದ್ರಭಾಗ ಬೇರೆ ಸೋವಿಯತ್ ಊರುಗಳಿಗಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ಆ ಅಂದದ ಹಿಂದೆ ಕೂಲಿಯಿಲ್ಲದ ಕೈಗಳಿದ್ದವು ಎಂಬುದು ಊರಿನವರಿಗೂ ಗೊತ್ತು.

## ಕಲ್ಲು, ನಾರು, ಗುಂಡಿ

ಕಲ್ಲಿನೊಳಗೆ ನಾರು ಹೇಗೆ ಬರುತ್ತದೆ?

ಭೂಮಿಯ ಆಳದಿಂದ ಮೇಲೆ ಬಂದ, ಮೆಗ್ನೀಸಿಯಂ ಹೆಚ್ಚಿರುವ ಕಪ್ಪು ಶಿಲೆಗೆ ಬಿಸಿನೀರು ಸೇರಿ, ಶಿಲೆ ನಿಧಾನವಾಗಿ ಸರ್ಪೆಂಟೈನ್ ಎಂಬ ಹಸಿರು ಕಲ್ಲಾಗುತ್ತದೆ. ಆ ಕಲ್ಲು ಬಿರಿದಾಗ ಬಿರುಕುಗಳಲ್ಲಿ ಅದೇ ಖನಿಜ ನಾರಿನ ರೂಪದಲ್ಲಿ ಬೆಳೆಯುತ್ತದೆ. ಇದೇ ಕ್ರಿಸೊಟೈಲ್, ಬಿಳಿ ಕಲ್ನಾರು.

ಒಂದು ತುಂಡನ್ನು ಹತ್ತಿರದಿಂದ ಗಮನಿಸಿದರೆ ಸಂಗತಿ ಸ್ಪಷ್ಟ. ಕಪ್ಪು ಹಸಿರು ಕಲ್ಲಿನ ನಡುವೆ ಬೆರಳಿನಷ್ಟೂ ದಪ್ಪವಿಲ್ಲದ, ರೇಷ್ಮೆಯ ಹೊಳಪಿನ ಪಟ್ಟಿ ಹಾದುಹೋಗಿರುತ್ತದೆ. ನಾರುಗಳು ಪಟ್ಟಿಯ ಉದ್ದಕ್ಕೆ ಮಲಗಿರುವುದಿಲ್ಲ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅಡ್ಡವಾಗಿ, ಒತ್ತೊತ್ತಾಗಿ ನಿಂತಿರುತ್ತವೆ. ಪಟ್ಟಿ ಎಷ್ಟು ಅಗಲವೋ ನಾರು ಅಷ್ಟೇ ಉದ್ದ. ಉಗುರಿನಿಂದ ಕೆರೆದರೆ ಕಲ್ಲು ಪುಡಿಯಾಗುವ ಬದಲು ಹಿಂಜಿದ ಹತ್ತಿಯಂತೆ ಬಿಡಿಸಿಕೊಳ್ಳುತ್ತದೆ. ಒಂದು ನಾರನ್ನು ಸೀಳಿದರೆ ಇನ್ನೂ ಸಣ್ಣ ನಾರುಗಳು, ಅವನ್ನು ಸೀಳಿದರೆ ಕಣ್ಣಿಗೆ ಕಾಣದಷ್ಟು ಸಣ್ಣವು. ಕಲ್ನಾರಿನ ಗುಣವೂ ದೋಷವೂ ಈ ಸೀಳಿಕೆಯಲ್ಲಿಯೇ ಇದೆ. (ತುಂಡು ಸಿಕ್ಕರೆ ಉಗುರಿನ ಪರೀಕ್ಷೆ ಮಾಡಲು ಹೋಗಬೇಡಿ. ಗಾಜಿನ ಪೆಟ್ಟಿಗೆಯ ಆಚೆಯಿಂದ ನೋಡಿದರೂ ಇಷ್ಟೆಲ್ಲ ಕಾಣುತ್ತದೆ.)

ಗಣಿ ಎಷ್ಟು ದೊಡ್ಡದು? ಒಳಗೆ ಕೆಲಸ ಹೇಗೆ ನಡೆಯುತ್ತದೆ?

ಸುಮಾರು 11 ಕಿಲೋಮೀಟರ್ ಉದ್ದ, ಎರಡರಿಂದ ಎರಡೂವರೆ ಕಿಲೋಮೀಟರ್ ಅಗಲ, 300 ಮೀಟರಿಗೂ ಮಿಕ್ಕಿದ ಆಳ. ಪೂರ್ತಿ ತೆರೆದ ಗಣಿ, ಸುರಂಗವಿಲ್ಲ. ಗೋಡೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿರುತ್ತಾರೆ. ರಂಧ್ರ ಕೊರೆದು, ಮದ್ದು ತುಂಬಿ, ಸಿಡಿಸುತ್ತಾರೆ. ಸಿಡಿತದ ಬಳಿಕ ಏಳುವ ಮೋಡ ಗಾಳಿ ಬೀಸಿದ ಕಡೆ ಸಾಗುತ್ತದೆ. ಒಡೆದ ಕಲ್ಲನ್ನು ದೊಡ್ಡ ಲಾರಿಗಳು ಒಯ್ಯುತ್ತವೆ, ಜತೆಗೆ ವಿದ್ಯುತ್ ಎಂಜಿನ್ ಎಳೆಯುವ ರೈಲುಗಳೂ ಇವೆ. ಗಣಿಯೊಳಗೆ ರೈಲು! ಮೆಟ್ಟಿಲುಗಳ ಮೇಲೆ ಹಳಿ ಹಾಸಿ, ಒಂದು ಹಂತದಲ್ಲಿ ಮುಂದಕ್ಕೆ, ಇನ್ನೊಂದರಲ್ಲಿ ಹಿಂದಕ್ಕೆ ಓಡಿಸುತ್ತ ಮೇಲೆ ತರುತ್ತಾರೆ. ಭೂಪಟದಲ್ಲಿ ನೋಡಿದರೆ ಪಕ್ಕದ ಊರಿಗಿಂತ ಗುಂಡಿಯೇ ದೊಡ್ಡದು.

ಕಾರ್ಖಾನೆಯ ಕೆಲಸ ಪೂರ್ತಿ ಒಣ ಪದ್ಧತಿ. ಕಲ್ಲನ್ನು ಒಡೆಯುವುದು, ಜರಡಿ ಹಿಡಿಯುವುದು, ಬಿಡಿಯಾದ ನಾರನ್ನು ಗಾಳಿಯಿಂದ ಹೀರುವುದು. ಉಳಿದದ್ದನ್ನು ಇನ್ನಷ್ಟು ಸಣ್ಣಗೆ ಒಡೆದು ಮತ್ತೆ ಹೀರುವುದು. ನೂರು ಟನ್ ಕಲ್ಲಿನಲ್ಲಿ ನಾರು ಕೆಲವೇ ಟನ್. ಉಳಿದದ್ದು ಊರಿನ ಸುತ್ತ ಗುಡ್ಡವಾಗಿ ನಿಂತಿದೆ. ಅದರಲ್ಲಿ ಒಂದು ಪಾಲನ್ನು ಜಲ್ಲಿಯಾಗಿ ರೈಲು ಹಳಿಗಳ ಕೆಳಗೆ, ರಸ್ತೆಗಳಿಗೆ ಮಾರುತ್ತಾರೆ. ಜಲ್ಲಿಯ ಜತೆಗೆ ಒಂದಷ್ಟು ನಾರೂ ಊರೂರಿಗೆ ಹೋಗುತ್ತದೆ ಎಂಬ ಮಾತನ್ನು ಮಾರುವವರು ಅಷ್ಟಾಗಿ ಆಡುವುದಿಲ್ಲ.

ಅಲ್ಲಿ ಪಚ್ಚೆ ಕಲ್ಲು ಸಿಗುತ್ತದಂತೆ. ಕಲ್ನಾರಿನ ಗಣಿಯಲ್ಲಿಯೇ?

ಪಕ್ಕದಲ್ಲಿ. 1830ರ ಸುಮಾರಿಗೆ ಮರದ ರಾಳ ತೆಗೆಯುತ್ತಿದ್ದ ಮಕ್ಸಿಂ ಕೊಝೆವ್ನಿಕೊವ್ ಎಂಬ ರೈತನಿಗೆ ತೊಕೊವಾಯಾ ನದಿಯ ಬಳಿ ಬುಡಮೇಲಾಗಿ ಬಿದ್ದ ಮರದ ಬೇರಿನಲ್ಲಿ ಹಸಿರು ಹರಳು ಕಂಡಿತು ಎಂಬುದು ಪ್ರಸಿದ್ಧ ಕಥೆ. ಯೂರಲ್ ಪಚ್ಚೆಯ ಗಣಿಗಳು ಹಾಗೆ ಶುರುವಾದವು. ಹಗಲಿನ ಬೆಳಕಿನಲ್ಲಿ ಹಸಿರು, ದೀಪದ ಬೆಳಕಿನಲ್ಲಿ ಕೆಂಪಾಗಿ ಕಾಣುವ ಅಲೆಕ್ಸಾಂಡ್ರೈಟ್ ಮೊದಲು ಗುರುತಿಸಲ್ಪಟ್ಟದ್ದೂ ಇಲ್ಲಿಯೇ. ಮುಂದೆ ಎರಡನೆಯ ಅಲೆಕ್ಸಾಂಡರ್ ಆದ ಯುವರಾಜನ ಹೆಸರು ಅದಕ್ಕೆ ಬಿತ್ತು. ಸೋವಿಯತ್ ಕಾಲದಲ್ಲಿ ಮಲಿಶೆವೊ ಎಂಬಲ್ಲಿನ ಪಚ್ಚೆ ಗಣಿಯನ್ನು ನಡೆಸಿದ್ದು ಹರಳಿಗಿಂತ ಹೆಚ್ಚಾಗಿ ಬೆರಿಲಿಯಂ ಲೋಹಕ್ಕಾಗಿ. ಅಣು ಉದ್ಯಮಕ್ಕೆ ಅದು ಬೇಕಿತ್ತು, ಪಚ್ಚೆ ಉಪಉತ್ಪನ್ನ.

ಕಲ್ನಾರಿನ ಗಣಿಯೇನೂ ಬರಡಲ್ಲ. ಖನಿಜ ಸಂಗ್ರಹಕಾರರಿಗೆ ಇಲ್ಲಿನ ಗ್ರಾಸ್ಯುಲರ್ ಗಾರ್ನೆಟ್, ವೆಸುವಿಯನೈಟ್, ಡಯೊಪ್ಸೈಡ್ ಹರಳುಗಳು ಚಿರಪರಿಚಿತ. ಆ ಜನರ ಬಳಿ ಆಸ್ಬೆಸ್ಟ್ ಎಂದರೆ ಕ್ಯಾನ್ಸರಿನ ಮಾತಲ್ಲ, ಜೇನಿನ ಬಣ್ಣದ ಗಾರ್ನೆಟ್ಟಿನ ಮಾತು ಬರುತ್ತದೆ.

## ಧೂಳು ಮತ್ತು ವಾದ

ಇಷ್ಟೊಂದು ನಾರು ಯಾವುದಕ್ಕೆ ಬೇಕಾಯಿತು?

ಸಿಮೆಂಟಿಗೆ. ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಎಂಬಾತ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ, ಕಾಗದ ಮಾಡುವ ಯಂತ್ರದ ತತ್ವದಲ್ಲಿಯೇ ಕಲ್ನಾರು ಮತ್ತು ಸಿಮೆಂಟಿನ ತೆಳು ಹಾಳೆ ಮಾಡುವುದನ್ನು ಕಂಡುಹಿಡಿದ. ಹತ್ತು ಪಾಲು ನಾರಿಗೆ ತೊಂಬತ್ತು ಪಾಲು ಸಿಮೆಂಟು, ಹೆಚ್ಚುಕಡಿಮೆ. ತುಕ್ಕು ಹಿಡಿಯದ, ಗೆದ್ದಲು ತಿನ್ನದ, ಬೆಂಕಿಗೆ ಹೆದರದ, ಹಂಚಿಗಿಂತ ಬೇಗ ಹೊದಿಸಬಹುದಾದ ಸೂರು. ಸೋವಿಯತ್ ಹಳ್ಳಿಗಳು ‘ಶಿಫರ್’ ಎಂಬ ಹೆಸರಿನಲ್ಲಿ ಅದನ್ನು ಹೊದ್ದುಕೊಂಡವು. ನೀರಿನ ಕೊಳವೆ, ವಾಹನಗಳ ಬ್ರೇಕು, ಬಾಯ್ಲರಿನ ಹೊದಿಕೆ ಎಲ್ಲಕ್ಕೂ ಅದೇ ಬಂತು. 1970ರ ದಶಕದ ಕೊನೆಗೆ ಜಗತ್ತು ವರ್ಷಕ್ಕೆ 45 ಲಕ್ಷ ಟನ್ನಿಗೂ ಮೇಲ್ಪಟ್ಟು ಕಲ್ನಾರು ತೆಗೆಯುತ್ತಿತ್ತು. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟ ಒಂದೇ 20 ಲಕ್ಷ ಟನ್ ದಾಟಿಸುತ್ತಿತ್ತು, ಅದರಲ್ಲಿ ದೊಡ್ಡ ಪಾಲು ಆಸ್ಬೆಸ್ಟ್‌ನದು. 1990ರ ದಶಕದಲ್ಲಿ ಒಕ್ಕೂಟವೂ ಮುರಿಯಿತು, ಯುರೋಪಿನ ಮಾರುಕಟ್ಟೆಯೂ ಮುಚ್ಚಿತು. ಈಗ ಇಡೀ ಜಗತ್ತಿನ ಉತ್ಪಾದನೆ 12–13 ಲಕ್ಷ ಟನ್ನಿನ ಸುತ್ತ.

ಉಸಿರಾಡಿದರೆ ಕ್ಯಾನ್ಸರ್ ಬರುತ್ತದೆ ಎಂದು ಗೊತ್ತಿದ್ದೂ ಜನ ಅಲ್ಲಿ ಹೇಗೆ ಬದುಕುತ್ತಾರೆ?

ಈ ಪ್ರಶ್ನೆಯಲ್ಲಿ ‘ಅವರಿಗೆ ಬುದ್ಧಿಯಿಲ್ಲವೇ’ ಎಂಬ ಧ್ವನಿ ಅಡಗಿರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಕಲ್ನಾರಿನ ಕಾಯಿಲೆ ಇಂದು ಉಸಿರಾಡಿದವನನ್ನು ನಾಳೆ ಹಿಡಿಯುವುದಿಲ್ಲ. ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆಗೂಡಿನ ಒಳಪೊರೆಯ ಕ್ಯಾನ್ಸರಾದ ಮೆಸೊಥೀಲಿಯೋಮ ಇವೆಲ್ಲ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಬಳಿಕ ಹೊರಬೀಳುತ್ತವೆ. ಅಷ್ಟು ಹೊತ್ತಿಗೆ ಆ ಮನುಷ್ಯ ನಿವೃತ್ತನಾಗಿರುತ್ತಾನೆ, ಸಿಗರೇಟು ಸೇದಿರುತ್ತಾನೆ, ರೋಗಕ್ಕೆ ಬೇರೆ ಕಾರಣವೂ ಸಿಕ್ಕಿರುತ್ತದೆ. ಸಂಬಳವೋ ತಿಂಗಳು ತಿಂಗಳೂ ಬರುತ್ತದೆ. ಎರಡನ್ನೂ ತೂಗಿದವನ ಲೆಕ್ಕ ಹೊರಗಿನವನಿಗೆ ತಪ್ಪಾಗಿ ಕಾಣಬಹುದು. ಮನೆ ಮಾರಿ ಹೋಗೋಣವೆಂದರೆ ಅಂಥ ಊರಿನ ಮನೆಗೆ ಎಷ್ಟು ಬೆಲೆ ಬಂದೀತು?

ಇದರ ಮೇಲೆ ಹೆಮ್ಮೆಯೂ ಒಂದಿದೆ. ಅಜ್ಜ ಗಣಿಯಲ್ಲಿ, ಅಪ್ಪ ಗಣಿಯಲ್ಲಿ, ಶಾಲೆ, ಆಸ್ಪತ್ರೆ, ಈಜುಕೊಳ ಎಲ್ಲವನ್ನೂ ಒಂದು ಕಾಲಕ್ಕೆ ಗಣಿ ನಡೆಸಿದ್ದು. ಅದೇ ಗಣಿ ವಿಷವೆಂದು ವಿದೇಶಿ ಪತ್ರಕರ್ತ ಬಂದು ಹೇಳಿದರೆ ಊರಿನವರಿಗೆ ಸಿಟ್ಟು ಬರುವುದು ಸಹಜ.

ರಷ್ಯಾದ ಬಿಳಿ ಕಲ್ನಾರು ಬೇರೆ, ಅದರಿಂದ ಅಪಾಯವಿಲ್ಲ ಎನ್ನುತ್ತಾರಲ್ಲ. ಸರಿಯೇ?

ಅರ್ಧ ಸತ್ಯವನ್ನು ಪೂರ್ತಿ ಸತ್ಯವೆಂದು ಮಾರುವ ವಾದ ಇದು. ಕಲ್ನಾರಿನಲ್ಲಿ ಎರಡು ಕುಲ. ನೀಲಿ, ಕಂದು ಮೊದಲಾದ ಆಂಫಿಬೋಲ್ ಜಾತಿಯ ನಾರುಗಳು ನೇರವಾದ ಸೂಜಿಗಳು. ಶ್ವಾಸಕೋಶದಲ್ಲಿ ಬಹುಕಾಲ ಉಳಿಯುತ್ತವೆ. ಕ್ರಿಸೊಟೈಲ್ ಸುರುಳಿಯಾದ, ಬೇಗ ಕರಗುವ ನಾರು. ಮೆಸೊಥೀಲಿಯೋಮ ತರುವುದರಲ್ಲಿ ಆಂಫಿಬೋಲ್ ಹೆಚ್ಚು ಕ್ರೂರಿ ಎಂಬುದಕ್ಕೆ ಆಧಾರವಿದೆ. ಆದರೆ ‘ಕಡಿಮೆ’ ಎಂದರೆ ‘ಇಲ್ಲ’ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ರಿಸೊಟೈಲನ್ನೂ ಸೇರಿಸಿ ಎಲ್ಲ ಬಗೆಯ ಕಲ್ನಾರನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿನಲ್ಲಿಯೇ ಇಟ್ಟಿದೆ. ‘ನಿಯಂತ್ರಿತ ಬಳಕೆ’ ಎಂಬುದು ರಷ್ಯಾದ ಅಧಿಕೃತ ನಿಲುವು. ಕಾರ್ಖಾನೆಯ ಗೋಡೆಗಳೊಳಗೆ ಅದು ಒಂದು ಮಟ್ಟಿಗೆ ಸಾಧ್ಯವಾಗಬಹುದು. ಶೀಟು ಲಾರಿ ಹತ್ತಿದ ಮೇಲೆ ಅದನ್ನು ನಿಯಂತ್ರಿಸುವವರು ಯಾರು?

ಅಲ್ಲಿನ ಕಾರ್ಮಿಕರ ಮೇಲೆ ಅಧ್ಯಯನ ನಡೆದಿದೆಯೇ?

ನಡೆದಿದೆ, ದೊಡ್ಡದಾಗಿಯೇ. ಮೇಲೆ ಹೇಳಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮತ್ತು ಮಾಸ್ಕೋದ ಇಝ್ಮೆರೊವ್ ಔದ್ಯೋಗಿಕ ಆರೋಗ್ಯ ಸಂಸ್ಥೆ ಒಟ್ಟಾಗಿ 1975ರಿಂದ 2010ರ ನಡುವೆ ಗಣಿ ಮತ್ತು ಕಾರ್ಖಾನೆಗಳಲ್ಲಿ ದುಡಿದ 30 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದವು. ಸೋವಿಯತ್ ಕಾಲದ ಧೂಳಿನ ಅಳತೆಗಳ ದಾಖಲೆ ದಶಕಗಳಷ್ಟು ಉಳಿದಿದ್ದರಿಂದ, ಯಾರು ಎಷ್ಟು ಧೂಳು ಉಂಡರು ಎಂದು ಅಂದಾಜಿಸಲು ಸಾಧ್ಯವಾಯಿತು. ಮರಣದ ಫಲಿತಾಂಶಗಳು 2024ರಲ್ಲಿ ಪ್ರಕಟವಾದವು. ಧೂಳು ಹೆಚ್ಚಿದಂತೆ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಹೆಚ್ಚಾಗಿತ್ತು. ಮೆಸೊಥೀಲಿಯೋಮದ ಸಾವುಗಳೂ ಧೂಳು ಹೆಚ್ಚಿದ್ದ ಕಡೆಗೇ ವಾಲಿದ್ದವು.

ಅಧ್ಯಯನ ಶುರುವಾದಾಗಲೇ ಟೀಕೆ ಬಂದಿತ್ತು. ಕಲ್ನಾರಿನ ಪರ ನಿಲುವಿರುವವರ ಜತೆ ಕೈಜೋಡಿಸಿದ್ದೇಕೆ, ಗೊತ್ತಿರುವುದನ್ನೇ ಮತ್ತೆ ಪರೀಕ್ಷಿಸುತ್ತ ಕೂತರೆ ನಿಷೇಧಕ್ಕೆ ತಡವಾಗುವುದಿಲ್ಲವೇ ಎಂದು ಕೇಳಿದವರಿದ್ದಾರೆ. ಆ ಅನುಮಾನ ಸಕಾರಣ. ಆದರೂ ಕೈಗೆ ಬಂದ ಫಲಿತಾಂಶ ಉದ್ಯಮಕ್ಕೆ ಬೇಕಾದಂತೆ ಬಂದಿಲ್ಲ ಎಂಬುದನ್ನೂ ಹೇಳಬೇಕು.

ಟ್ರಂಪ್ ಮುಖದ ಮುದ್ರೆ ಹಾಕಿ ಕಲ್ನಾರು ಮಾರಿದರಂತೆ. ತಮಾಷೆಯೋ, ನಿಜವೋ?

ನಿಜ. 2018ರಲ್ಲಿ ಉರಾಲಾಸ್ಬೆಸ್ಟ್ ಕಂಪನಿ ತನ್ನ ಮೂಟೆಗಳ ಮೇಲೆ ಟ್ರಂಪ್ ಚಿತ್ರವಿರುವ ಕೆಂಪು ಮುದ್ರೆ ಹಾಕಿ, ಆತ ಒಪ್ಪಿಗೆ ಕೊಟ್ಟಿದ್ದಾನೆಂಬ ಅರ್ಥದ ಸಾಲು ಸೇರಿಸಿ ಚಿತ್ರಗಳನ್ನು ಪ್ರಕಟಿಸಿತು. ಕಲ್ನಾರನ್ನು ಹಿಂದೆ ಟ್ರಂಪ್ ಹೊಗಳಿದ್ದು ಅದಕ್ಕೆ ಕಾರಣ. 2024ರ ಮಾರ್ಚಿನಲ್ಲಿ ಅಮೆರಿಕ ಕ್ರಿಸೊಟೈಲನ್ನು ನಿಷೇಧಿಸುವ ನಿಯಮ ತಂದಿತು.

## ನಮ್ಮ ಸೂರು, ಅವರ ನಾಳೆ

ನಮ್ಮ ಮನೆಯ ಶೀಟಿನಲ್ಲಿರುವುದು ಆ ಊರಿನ ನಾರೇ? ತೆಗೆದುಹಾಕಬೇಕೇ?

ಯಾವ ಗಣಿಯದೆಂದು ಶೀಟು ನೋಡಿ ಹೇಳಲಾಗುವುದಿಲ್ಲ. ರಷ್ಯಾದಲ್ಲಿಯೇ ಒರೆನ್‌ಬರ್ಗ್ ಪ್ರಾಂತ್ಯದ ಯಾಸ್ನಿ ಎಂಬ ಊರಿನಲ್ಲಿ ಇನ್ನೊಂದು ದೊಡ್ಡ ಗಣಿಯಿದೆ. ಕಜಕಸ್ತಾನ, ಬ್ರೆಜಿಲ್‌ಗಳಿಂದಲೂ ನಾರು ಬಂದಿದೆ. ಭಾರತ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕಲ್ನಾರು ಆಮದು ಮಾಡುವ ದೇಶ.

ಗಟ್ಟಿಯಾಗಿರುವ, ಒಡೆಯದ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ, ಗಾಬರಿಯಿಂದ ಕಿತ್ತುಹಾಕುವುದೇ ಹೆಚ್ಚು ಅಪಾಯ. ಧೂಳು ಏಳುವುದು ಕೆಲಸ ಮಾಡುವಾಗ: ಜೆ ಹುಕ್ಕು ಹಾಕಲು ತೂತು ಕೊರೆಯುವಾಗ, ಕಟಿಂಗ್ ಮಿಷನ್ನಿನಿಂದ ಅಳತೆಗೆ ಕತ್ತರಿಸುವಾಗ, ಪಾಚಿ ತೆಗೆಯಲೆಂದು ತಂತಿ ಬ್ರಶ್ಶಿನಿಂದ ಉಜ್ಜುವಾಗ. ಒಡೆದ ತುಂಡುಗಳನ್ನು ಪುಡಿಮಾಡಿ ಅಂಗಳದ ಗುಂಡಿಗೆ ತುಂಬುವ ಅಭ್ಯಾಸವೂ ಇದೆ, ಅದನ್ನು ಮಾಡಲೇಬಾರದು. ತೆಗೆಯಲೇಬೇಕಾದರೆ ಶೀಟನ್ನು ಚೆನ್ನಾಗಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿ, ಒದ್ದೆ ಬಟ್ಟೆಯಿಂದ ಒರೆಸಿ; ಪೊರಕೆ ಹಿಡಿಯಬೇಡಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಈ ನಾರು ನಿಲ್ಲುವುದಿಲ್ಲ, ಸೂಕ್ಷ್ಮ ಕಣಗಳನ್ನು ತಡೆಯುವ ಮುಖಗವಸೇ ಬೇಕು.

ಭಾರತದಲ್ಲಿ ಕಲ್ನಾರು ಅಗೆಯುವುದಕ್ಕೆ ತಡೆ, ತರಿಸುವುದಕ್ಕೆ ಅಡ್ಡಿಯಿಲ್ಲ. ಇದೆಂಥ ನ್ಯಾಯ?

ವಿಚಿತ್ರವೇ. 1986ರಿಂದ ಹೊಸ ಗಣಿಗಳಿಗೆ ಪರವಾನಗಿ ನಿಂತಿತು, 1990ರ ದಶಕದಲ್ಲಿ ಹಳೆಯದರ ನವೀಕರಣವೂ ನಿಂತಿತು. ಗಣಿಯ ಕಾರ್ಮಿಕ ಕಣ್ಣಿಗೆ ಬೀಳುತ್ತಾನೆ, ಶೀಟು ಕತ್ತರಿಸುವ ಮೇಸ್ತ್ರಿ ಬೀಳುವುದಿಲ್ಲ ಎಂಬುದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು 40 ವರ್ಷ ಕಾಪಿಡಬೇಕೆಂದು ಆದೇಶಿಸಿತು. ಕಾಯಿಲೆ ಎಷ್ಟು ತಡವಾಗಿ ಬರುತ್ತದೆ ಎಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಿತ್ತು. ಪೂರ್ತಿ ನಿಷೇಧ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಅಂತರರಾಷ್ಟ್ರೀಯ ಮಟ್ಟದಲ್ಲಿ ರಾಟರ್‌ಡ್ಯಾಮ್ ಒಪ್ಪಂದವೆಂಬುದೊಂದಿದೆ. ಅದರ ಪಟ್ಟಿ ಸೇರಿದ ವಸ್ತುವನ್ನು ಕಳುಹಿಸುವ ಮುನ್ನ ತರಿಸುವ ದೇಶಕ್ಕೆ ಅಪಾಯ ತಿಳಿಸಿ ಒಪ್ಪಿಗೆ ಪಡೆಯಬೇಕು. ನಿಷೇಧವಲ್ಲ, ಮಾಹಿತಿ ಅಷ್ಟೇ. ಕ್ರಿಸೊಟೈಲನ್ನು ಪಟ್ಟಿಗೆ ಸೇರಿಸಲು ತಜ್ಞರ ಸಮಿತಿ ಶಿಫಾರಸು ಮಾಡಿದೆ. ಎಲ್ಲರೂ ಒಪ್ಪಬೇಕೆಂಬ ನಿಯಮ ಇರುವುದರಿಂದ ರಷ್ಯಾ, ಕಜಕಸ್ತಾನಗಳಂಥ ಕೆಲವೇ ದೇಶಗಳು ಸಭೆ ಸಭೆಗೂ ಅದನ್ನು ತಡೆಯುತ್ತ ಬಂದಿವೆ. 2011ರಲ್ಲಿ ಭಾರತ ಒಪ್ಪಿತು, 2013ರಲ್ಲಿ ಮಾತು ಬದಲಿಸಿತು.

ಕೆನಡಾದಲ್ಲೂ ಇದೇ ಹೆಸರಿನ ಊರು ಇತ್ತಲ್ಲ, ಅದು ಏನಾಯಿತು?

ಕ್ವಿಬೆಕ್‌ನ ಆಸ್ಬೆಸ್ಟೋಸ್. ಅಲ್ಲಿನ ಜೆಫ್ರಿ ಗಣಿ ಒಂದು ಕಾಲಕ್ಕೆ ಆಸ್ಬೆಸ್ಟ್‌ಗೆ ನೇರ ಪ್ರತಿಸ್ಪರ್ಧಿ. 1949ರಲ್ಲಿ ಅಲ್ಲಿನ ಕಾರ್ಮಿಕರು ನಾಲ್ಕು ತಿಂಗಳಿಗೂ ಹೆಚ್ಚು ಮುಷ್ಕರ ಹೂಡಿದ್ದರು; ಅವರ ಬೇಡಿಕೆಗಳಲ್ಲಿ ಧೂಳಿನ ನಿವಾರಣೆಯೂ ಇತ್ತು. ಗಣಿ 2010ರ ದಶಕದ ಆರಂಭದಲ್ಲಿ ನಿಂತಿತು, 2018ರಲ್ಲಿ ಕೆನಡಾ ಕಲ್ನಾರನ್ನು ನಿಷೇಧಿಸಿತು. ಹೂಡಿಕೆದಾರರು ಹೆಸರು ಕೇಳಿಯೇ ಹಿಂದೆ ಸರಿಯುತ್ತಾರೆಂದು 2020ರಲ್ಲಿ ಊರಿನವರು ಮತ ಹಾಕಿ ವಾಲ್-ದೆ-ಸೂರ್ಸ್ ಎಂಬ ಹೊಸ ಹೆಸರು ಇಟ್ಟುಕೊಂಡರು. ಅಲ್ಲಿ ಹತ್ತಾರು ಬೇರೆ ಉದ್ಯಮಗಳಿಗೆ ಸರ್ಕಾರದ ಹಣ ಹರಿಯಿತು. ರಷ್ಯಾದ ಊರಿಗೆ ಆ ದಾರಿ ಅಷ್ಟು ಸುಲಭವಲ್ಲ, ಅದರ ಗಣಿ ಇನ್ನೂ ನಡೆಯುತ್ತಿದೆ.

ಗಣಿಯನ್ನು ಬಿಟ್ಟು ಬೇರೆ ಏನಾದರೂ ಮಾಡಲು ಆ ಊರು ಪ್ರಯತ್ನಿಸಿಲ್ಲವೇ?

ಪ್ರಯತ್ನಿಸಿದೆ. ಶಿಲೆಯನ್ನು ಕರಗಿಸಿ ಕಟ್ಟಡಗಳ ಶಾಖ ತಡೆಯುವ ಕಲ್ಲುಣ್ಣೆ ಮಾಡುವ ಕಾರ್ಖಾನೆ ಬಂದಿದೆ. ಕಲ್ನಾರಿಗೆ ಪರ್ಯಾಯವಾದ ಸರಕನ್ನು ಅದೇ ಊರು ಮಾಡುತ್ತಿದೆ ಎಂಬುದು ಕುತೂಹಲದ ಸಂಗತಿ. ಗಣಿಯ ಕಸದ ಗುಡ್ಡಗಳಿಂದ ಮೆಗ್ನೀಸಿಯಂ ಲೋಹ ತೆಗೆಯುವ ಭಾರೀ ಯೋಜನೆಯೊಂದು 2000ದ ದಶಕದಲ್ಲಿ ಹುಟ್ಟಿ, ಸದ್ದು ಮಾಡಿ, ಉತ್ಪಾದನೆಯ ಹಂತ ಮುಟ್ಟದೆ ಮುಳುಗಿತು. ಗುಡ್ಡದಲ್ಲಿ ಲೋಹವಿರುವುದು ನಿಜ, ಅದನ್ನು ಲಾಭಕ್ಕೆ ತೆಗೆಯುವುದು ಬೇರೆ ಮಾತು.

ನಾಳೆ ಭಾರತ ಕಲ್ನಾರು ಬೇಡವೆಂದರೆ ಆಸ್ಬೆಸ್ಟ್ ಮುಚ್ಚುತ್ತದೆಯೇ?

ಒಂದೇ ದಿನದಲ್ಲಿ ಅಲ್ಲ. ರಷ್ಯಾದ ಒಳಗೇ ಬೇಡಿಕೆಯಿದೆ, ಮಧ್ಯ ಏಷ್ಯಾ, ಚೀನಾ, ಆಗ್ನೇಯ ಏಷ್ಯಾಗಳೂ ಕೊಳ್ಳುತ್ತವೆ. ನೆಲದಲ್ಲಿ ನಾರು ನೂರು ವರ್ಷಕ್ಕೂ ಮೇಲೆ ಸಾಕಾಗುವಷ್ಟಿದೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಹೀಗಾಗಿ ಗಣಿಯ ಆಯುಷ್ಯವನ್ನು ನಿರ್ಧರಿಸುವುದು ನಿಕ್ಷೇಪವಲ್ಲ, ಕೊಳ್ಳುವವರು. ಅವರಲ್ಲಿ ಭಾರತ ಎಲ್ಲರಿಗಿಂತ ದೊಡ್ಡದು. ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಕಲ್ನಾರಿನ ವಿರುದ್ಧ ತೀರ್ಪು ಕೊಟ್ಟ ಮೇಲೆ ರಷ್ಯಾಕ್ಕೆ ಪೈಪೋಟಿಯೂ ತಗ್ಗಿದೆ.

ಯುರೋಪಿನಲ್ಲಿ ಶೀಟಿನ ಕಾರ್ಖಾನೆಗಳೆಲ್ಲವೂ ಮುಚ್ಚಲಿಲ್ಲ, 2005ರ ಯುರೋಪಿಯನ್ ಒಕ್ಕೂಟವ್ಯಾಪಿ ನಿಷೇಧಕ್ಕೂ ಮುಂಚೆಯೇ ಹಲವು ಕಾರ್ಖಾನೆಗಳು ಪಿವಿಎ ಎಂಬ ಕೃತಕ ನಾರಿಗೆ, ಮರದ ತಿರುಳಿನ ನಾರಿಗೆ ಬದಲಾಗಿದ್ದವು. ಯಂತ್ರ ಅದೇ ಹಾಟ್‌ಶೆಕ್‌ನದು, ಒಳಗಿನ ನಾರು ಬೇರೆ. ಭಾರತದಲ್ಲೂ ಕಲ್ನಾರಿಲ್ಲದ ಸಿಮೆಂಟ್ ಶೀಟು, ಬಣ್ಣ ಬಳಿದ ಉಕ್ಕಿನ ಶೀಟು ಮಾರುಕಟ್ಟೆಯಲ್ಲಿವೆ. ಕಲ್ನಾರಿನ ಶೀಟು ಅವಕ್ಕಿಂತ ಅಗ್ಗ. ಅಂಗಡಿಯಲ್ಲಿ ನಡೆಯುವುದು ಆ ಬೆಲೆಯ ಮಾತು, ಅದು ಬದಲಾಗುವ ತನಕ ಉರಾಲಾಸ್ಬೆಸ್ಟ್‌ನ ಮೂಟೆಗಳು ನಮ್ಮ ಬಂದರುಗಳಿಗೆ ಬರುತ್ತಲೇ ಇರುತ್ತವೆ.